ಮೀರಾಸಾಬನ ಲಿಂಬಿ ಪರೀಕ್ಷೆ

ಮೀರಾಸಾಬ ಕಲೈಗಾರನಿಗೆ ಸಿಟ್ಟು ಬರಲು ಕಾರಣ ಬೇಕಾಗಿರಲಿಲ್ಲ, ಗಿರಾಕಿ ಬಂದರೆ ಸಾಕಿತ್ತು. ಇಂಡಿ ಪೇಟೆಯ ಒಳಓಣಿಯಲ್ಲಿ ಅವನ ಮನೆ. ಮುಂದಿನ ಪಡಸಾಲೆಯೇ ಗಿಲೀಟಿನ ಅಂಗಡಿ, ಹಿಂದೆ ಸಂಸಾರ, ಮೇಲೆ ಮಣ್ಣಿನ ಮಾಳಿಗೆ. ಅವನ ಅಪ್ಪ ಹೆಗಲ ಮೇಲೆ ತಿದಿ ಹೊತ್ತು ಸಿಂದಗಿ, ಮುದ್ದೇಬಿಹಾಳ ಅಂತ ಊರೂರು ತಿರುಗಿ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿದವನು. ಮಗ ಬೆಂಕಿ ಬಿಟ್ಟು ಕರೆಂಟು ಹಿಡಿದ. ತಾಮ್ರದ ಬಿಲ್ವಾರ ಬಳೆ ಇರಲಿ, ಹಿತ್ತಾಳೆಯ ಝುಮಕಿ ಇರಲಿ, ಬಂಗಾರದ ನೀರಿನ ತೊಟ್ಟಿಯಲ್ಲಿ ತೂಗುಬಿಟ್ಟು, ಮೈನಸ್ ವಾಯರ್ ಸಾಮಾನಿಗೆ, ಪ್ಲಸ್ ವಾಯರ್ ಎದುರಿನ ತಗಡಿಗೆ ಸಿಗಿಸಿ, ಬ್ಯಾಟರಿ ಚಾರ್ಜರಿನ ಕಿವಿ ತಿರುವಿದನೆಂದರೆ ಮುಗಿಯಿತು. ಕೆಂಪಗಿದ್ದದ್ದು ಕಣ್ಣೆದುರೇ ಹಳದಿಯಾಗಿ ಬಂಗಾರದ ಠೀವಿಯಲ್ಲಿ ಮೇಲೆ ಬರುತ್ತಿತ್ತು.

ಅವನದೊಂದು ಕಟ್ಟಳೆ ಇತ್ತು. ಯಾರ ಸಾಮಾನೇ ಬರಲಿ, ಮೊದಲು ಅದಕ್ಕೆ ಲಿಂಬಿಹಣ್ಣಿನ ಸ್ನಾನ. ಇಂಡಿಯಲ್ಲಿ ಲಿಂಬಿಗೇನು ಬರ? ಸುತ್ತ ಹತ್ತೂ ಹಳ್ಳಿಯ ತೋಟದ ಹಣ್ಣು ಇಲ್ಲಿಗೇ ಬರುತ್ತದೆ. ಅದರ ಮೇಲೆ ಗೋಡೆಗೆ ಗೋಡೆ ಹಚ್ಚಿದ ಅಂಗಡಿ ಲಿಂಬಿ ದಲಾಲ ಶ್ರೀಶೈಲಪ್ಪನದು. ಚುಕ್ಕಿ ಬಿದ್ದ ಹಣ್ಣನ್ನೆಲ್ಲ ಅವನು ಬುಟ್ಟಿಗಟ್ಟಲೆ ಈಚೆ ಸುರುವುತ್ತಿದ್ದ. ಮೀರಾಸಾಬ ಅದನ್ನು ಹಿಂಡಿ, ಸಾಮಾನನ್ನು ರಸದ ಬಟ್ಟಲಲ್ಲಿ ಮುಳುಗಿಸಿ, ಎದುರಿನ ಹೋಟೆಲಿನ ಚಹಾ ತರಿಸಿ ಕುಡಿಯುವನು. ಚಹಾ ಮುಗಿಯುವುದರೊಳಗೆ ಜಿಡ್ಡು, ಕಿಲುಬು, ಹಿಂದಿನ ಗಿಲೀಟುಗಾರ ಮಾಡಿದ ಕಳ್ಳತನ ಎಲ್ಲ ಬಿಟ್ಟುಹೋಗಿ ಸಾಮಾನಿನ ಖರೆ ಜಾತಿ ಹೊರಗೆ ಬೀಳಬೇಕು. ಲಿಂಬಿಗೆ ನಿಂತಿದ್ದಷ್ಟೇ ಅವನ ಲೆಕ್ಕದಲ್ಲಿ ಮಾಲು. ಹೋಗಿದ್ದು ಮೋಸ. ಇದರ ಮೇಲೆ ಮಾತಿಲ್ಲ.

ಆದರೆ ತಾನು ಹಚ್ಚಿದ ಗಿಲೀಟನ್ನು ಮಾತ್ರ ಅವನು ಯಾವತ್ತೂ ಲಿಂಬಿಗೆ ಹಾಕಿ ತೋರಿಸಿದವನಲ್ಲ.

ತಾಂಬಾದ ಶೇವಂತೆವ್ವ ಒಮ್ಮೆ ತನ್ನ ಸರ ಹಿಡಿದುಕೊಂಡು ಬಂದಿದ್ದಳು.

"ಸಾಬ್ರ, ಹ್ವಾದ ವರ್ಷ ನಿಮ್ಮ ಕಡೇನ ಹಾಕ್ಸಿದ್ದು. ಈಗ ಕೊಳ್ಳಾಗ ಹಸರು ಬರಾಕತ್ತೈತ್ರಿ."

"ಕೊಳ್ಳು ತೊಳಕೋ."

"ತೊಳಕೊಂಡೇ ಬಂದೇನ್ರಿ."

"ಮತ್ತೇನು, ಮೊಮ್ಮಗಳ ಲಗ್ನದ ತನಕ ಇರಬೇಕಿತ್ತೇನು? ಇದು ಗಿಲೀಟು, ಯವ್ವಾ. ಇರೂದೇ ಬೇಕಂದ್ರ ಬಂಗಾರ ಕೊಂಡ ಹಾಕ್ಕೋ, ಹೋಗು!"

ಆಚೆ ಲಿಂಬಿ ರಾಶಿಯ ಹಿಂದಿನಿಂದ ಶ್ರೀಶೈಲಪ್ಪನ ದನಿ ಬಂತು: "ಅವ್ವಾ ಶೇವಂತೆವ್ವ, ಮೀರಾಸಾಬನ ಗಿಲೀಟು ಫೋಟೋ ತೆಗಿಯೂತನ ನಿಂತರ ದೊಡ್ಡದು. ಅಷ್ಟರಾಗ ಲಗ್ನ ಮುಗಿಸ್ಕೋಬೇಕು!"

ಮೀರಾಸಾಬನ ಕೈಯಲ್ಲಿದ್ದ ಲಿಂಬಿ ಗೋಡೆಯ ಮೇಲಿಂದ ಹಾರಿ ಹೋಯಿತು. ಶ್ರೀಶೈಲಪ್ಪ ಅದನ್ನು ಹಿಡಿದು ತನ್ನ ರಾಶಿಗೆ ಹಾಕಿಕೊಂಡ. ಇಬ್ಬರದೂ ಇದೇ ದೋಸ್ತಿ, ಬಾಲ್ಯದಿಂದಲೂ.

ಇಂಥ ಮೀರಾಸಾಬನಿಗೆ ಹೆದರದ ಜೀವ ಇಂಡಿಯಲ್ಲಿ ಒಂದೇ. ಅದು ಅವನ ಹೆಂಡತಿ ಮಾಬುಬಿ. ಅವನು ಕೂಗಿದರೆ ಈಕೆ ನಗುವಳು. ಇನ್ನೂ ಕೂಗಿದರೆ ಉಪ್ಪಿನಕಾಯಿ ಹೋಳೊಂದನ್ನು ಅವನ ಬಾಯಿಗೆ ತುರುಕಿ ಒಳಗೆ ಹೋಗಿಬಿಡುವಳು. ಮಾಬುಬಿಯ ಲಿಂಬಿ ಉಪ್ಪಿನಕಾಯಿ ಅಂದರೆ ಬಸವನ ಬಾಗೇವಾಡಿಯಿಂದಲೂ ಜನ ಡಬ್ಬಿ ಕೊಟ್ಟು ಕಳಿಸುತ್ತಿದ್ದರು. ಭರಣಿಗಳೆಲ್ಲ ಮಾಳಿಗೆಯ ಮೇಲೆ ಬಿಸಿಲಿಗೆ ಇರುತ್ತಿದ್ದವು. ದಿನಾ ಮೇಲೆ ಹೋಗಿ ಅಲುಗಿಸಬೇಕು, ಬಾಯಿ ಒರೆಸಬೇಕು, ಬಟ್ಟೆ ಬಿಗಿಯಬೇಕು. ಅವಳೂ ಲಿಂಬಿಯ ಹುಚ್ಚಿಯೇ. ಬಿಸಿನೀರಿಗೆ ಲಿಂಬಿ, ಸಾರಿಗೆ ಲಿಂಬಿ, ಜೋಳದ ರೊಟ್ಟಿಯ ಪಕ್ಕ ಲಿಂಬಿ, ಹಾಲಿಲ್ಲದ ದಿನ ಚಹಾಕ್ಕೂ ಲಿಂಬಿ.

ಆ ಮಾಬುಬಿಯ ಚಪ್ಪಿ ಕೈಕೊಟ್ಟಿತು. ತೊಡೆ ಬಂದು ಟೊಂಕಕ್ಕೆ ಕೂಡುತ್ತದಲ್ಲ, ಆ ಕೀಲು. ಮೊದಮೊದಲು ಕುಂಟಿದಳು, ಆಮೇಲೆ ಗೋಡೆ ಹಿಡಿದಳು, ಆಮೇಲೆ ಅಂಗಡಿ ಬಾಗಿಲಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತೇಬಿಟ್ಟಳು. ಕೂತಲ್ಲಿಂದಲೇ ಓಣಿಯ ಕಾರಭಾರ ಬಾಯಿಂದ ನಡೆಯುತ್ತಿತ್ತು ಬಿಡಿ, ಅದಕ್ಕೇನು ಕೊರತೆ ಇರಲಿಲ್ಲ. ಆದರೆ ಮಾಳಿಗೆಗೆ ಹೋಗುವ ಮೆಟ್ಟಿಲು, ಆ ಪಾವಟಿಗೆ, ಏರುವಂತಿರಲಿಲ್ಲ. ಭರಣಿಯ ಕೆಲಸ ಮೀರಾಸಾಬನ ಪಾಲಿಗೆ ಬಂತು. ಅವನು ಭರಣಿಗಳನ್ನೂ ಬೈಯುತ್ತಲೇ ಮುಟ್ಟುತ್ತಿದ್ದ. ಮಳೆಗಾಲ ಮುಗಿಯುವುದರೊಳಗೆ ಒಂದರ ಹಿಂದೊಂದು ಬೂಸರು ಹಿಡಿದವು. ಮಾಬುಬಿ ಸಂಜೆ ಹೊತ್ತು ಕುರ್ಚಿಯಲ್ಲಿ ಕುತ್ತಿಗೆ ಎತ್ತಿ ಆ ಪಾವಟಿಗೆಗಳನ್ನು ನೋಡುತ್ತ ಕೂಡುವಳು, ಅಷ್ಟೇ. ಅವಳು ಬೈದಿದ್ದರೆ ಮೀರಾಸಾಬನಿಗೆ ಎಷ್ಟೋ ಸುಖವಿತ್ತು.

ಮಂಗಳವಾರಕ್ಕೊಮ್ಮೆ ವಿಜಯಪುರದಿಂದ ಇಂಡಿಗೆ ಎಲುಬಿನ ಡಾಕ್ಟರಬಾಯಿ ಬರುತ್ತಿದ್ದಳು, ಭುವನೇಶ್ವರಿ ಅಂತ ಹೆಸರು. ಮಾಬುಬಿಯ ಚಪ್ಪಿಯ ಫೋಟೋ ತೆಗೆಸಿ ನೋಡಿದವಳೇ, "ಚಾಚಿ, ಕೀಲು ಪೂರಾ ಸವದೈತ್ರಿ. ಬದಲಿ ಮಾಡೂದ ಬೇಕು. ಮಾಡಿದ್ರ ಪಾವಟಿಗಿ ಏರ್ತೀರಿ, ಬಿಟ್ರ ಕುರ್ಚೀನ ಗತಿ," ಅಂದಳು.

ಪಾವಟಿಗೆ ಅಂದದ್ದೇ ಮಾಬುಬಿಯ ಕಣ್ಣು ಅರಳಿತು.

ಡಾಕ್ಟರಬಾಯಿ ಮೇಜಿನ ಖಾನೆಯಿಂದ ಒಂದು ತುಂಡು ತೆಗೆದಳು. ಗೇಣುದ್ದ, ಬೆಣೆಯ ಹಾಗೆ ಕೆಳಗೆ ಸಣ್ಣಗಾಗುತ್ತ ಹೋದದ್ದು. ಮೇಲಿನ ಕುತ್ತಿಗೆ ಕನ್ನಡಿಯಂತೆ ಹೊಳೆಯುತ್ತಿತ್ತು, ಕೆಳಗಿನ ಮೈ ಮಾತ್ರ ಬೆಳ್ಳಗೆ, ಒರಟೊರಟಾಗಿ, ಸುಣ್ಣ ಬಳಿದ ಗೋಡೆಯ ಹಾಗೆ.

"ಇದು ಟೈಟಾನಿಯಂ ಲೋಹರಿ. ತೊಡಿ ಎಲುಬಿನ ಪೊಳ್ಳಿನ್ಯಾಗ ಇಳಸ್ತೇವಿ. ಮ್ಯಾಲೆ ಗುಂಡು ಕೂಡಸ್ತೇವಿ. ಈ ಬಿಳೀದು ಐತೆಲ್ಲ, ಎಲುಬಿನ್ಯಾಗ ಇರೂ ಖನಿಜಾನ ಇದು, ಸುಣ್ಣದ್ದೂ ರಂಜಕದ್ದೂ ಅಂಶ. ಎರಡೂ ಕರಗಿಸಿದ ನೀರಾಗ ಈ ತುಂಡು ತೂಗಬಿಟ್ಟು ಕರೆಂಟ ಹಾಯಸ್ತಾರ. ಹಾಯಿಸಿದಂಗ ಬಂದು ಕೂಡತೈತಿ."

ಮೀರಾಸಾಬ ಕುರ್ಚಿಯಿಂದ ಜಿಗಿದೇಬಿಟ್ಟ. "ತುಂಡಿಗೆ ಮೈನಸ್ ವಾಯರ್ ಏನ್ರಿ?"

"ಹೌದ್ರಿ ಚಾಚಾ!"

"ಅಂದ್ರ ಇದು ಗಿಲೀಟು!"

"ಒಂಥರಾ ಹಂಗ ಅನ್ರಿ."

ಅಲ್ಲಿಗೆ ಮೀರಾಸಾಬನ ಕಿವಿ ಮುಚ್ಚಿತು, ಕಣ್ಣಷ್ಟೇ ತೆರೆದವು. ಡಾಕ್ಟರಬಾಯಿ ಹೇಳುತ್ತಲೇ ಇದ್ದಳು: ನಮ್ಮ ಎಲುಬಿಗೆ ಇದು ಪರಕೀಯ ಅನ್ನಿಸೋದಿಲ್ಲ, ತನ್ನದೇ ಅಂದುಕೊಂಡು ಇದರ ಮೇಲೆ ಬೆಳೆದು ಬಂದು ಹಿಡಿದುಕೊಳ್ಳುತ್ತದೆ, ಆಮೇಲೆ ಎಲುಬು ಯಾವುದು ತುಂಡು ಯಾವುದು ಅಂತ ತಿಳಿಯದ ಹಾಗೆ ಆಗುತ್ತದೆ. ಮಾಬುಬಿ ಒಂದೊಂದು ಮಾತನ್ನೂ ಬಾಯಿ ತೆರೆದು ಕೇಳಿದಳು. ಮೀರಾಸಾಬ ಮಾತ್ರ ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿದು, ತಿರುವಿ, ಉಗುರಿನಿಂದ ಗೀರಿ, ಮೂಸಿ, ಮುಖ ಹುಳ್ಳಗೆ ಮಾಡಿಕೊಂಡ.

"ಬಾಯಾರ, ತಪ್ಪ ತಿಳೀಬ್ಯಾಡ್ರಿ. ಹೊಳಿಯೂ ಕಡೆ ಹಚ್ಚಿಲ್ಲ, ಹಚ್ಚಿದ ಕಡೆ ಹೊಳಪಿಲ್ಲ. ಇಂಥಾದ್ದು ನಾ ಮಾಡಿಕೊಟ್ರ ಗಿರಾಕಿ ನನ್ನ ಮಾರಿಗೆ ಒಗೀತಾರ."

"ಅದು ಹೊಳಿಬಾರದ್ರಿ ಚಾಚಾ. ಒರಟ ಇದ್ರ ಎಲುಬು ಹಿಡೀತೈತಿ."

"ಹಚ್ಚೂದು ನಮ್ಮ ಅಪ್ಪನ ಕಾಲದ ಧಂದೆರಿ ನಮ್ಮದು."

ಮಾಬುಬಿ ನಡುವೆ ಕೈ ಎತ್ತಿದಳು. "ಬಾಯಾರ, ಖರೇನ ಐತಿ. ಇವರ ಧಂದೆ ಇದ. ಇವರು ನೋಡಿ ಹೌದಂದ್ರ ನಾ ಈಗಿಂದೀಗ ಹೆಬ್ಬಟ್ಟು ಒತ್ತತೇನಿ. ಅಲ್ಲಂದ್ರ ಒಲ್ಲೆ."

ಅದು ಹೆಂಡತಿ ಕೊಟ್ಟ ಮಾನ. ಮೀರಾಸಾಬನ ಎದೆ ಬಾಗಿಲಷ್ಟು ಅಗಲವಾಯಿತು. ಡಾಕ್ಟರಬಾಯಿ ನಕ್ಕು, "ಇದು ತೋರಸೂ ತುಂಡು, ಒಯ್ದು ನೋಡ್ರಿ. ಬರೂ ಮಂಗಳವಾರ ತಂದು ಕೊಡ್ರಿ. ಮುಟ್ಟಿ ನೋಡ್ರಿ, ಮತ್ತೇನೂ ಮಾಡಬ್ಯಾಡ್ರಿ," ಅಂತ ಕಾಗದದಲ್ಲಿ ಸುತ್ತಿ ಕೊಟ್ಟಳು.

ಮತ್ತೇನೂ ಮಾಡಬ್ಯಾಡ್ರಿ ಅಂತ ಮೀರಾಸಾಬನಿಗೆ ಹೇಳುವುದೂ ಒಂದೇ, ಮಾಡ್ರಿ ಅನ್ನುವುದೂ ಒಂದೇ.

ಮನೆಗೆ ಬಂದವನು ಟೋಪಿ ಕೂಡ ತೆಗೆಯಲಿಲ್ಲ. ಶ್ರೀಶೈಲಪ್ಪನ ಕಡೆಯಿಂದ ಚುಕ್ಕಿಯದಲ್ಲ, ಒಳ್ಳೆ ತೆಳುಸಿಪ್ಪೆಯ ಪಸಂದ ಹಣ್ಣು ತರಿಸಿದ. ಹೆಂಡತಿಯ ಚಪ್ಪಿಯ ಮಾತು, ಹಾಳು ಹಣ್ಣು ನಡೆಯುವುದಿಲ್ಲ. ದೊಡ್ಡ ಬಟ್ಟಲು ತುಂಬ ರಸ ಹಿಂಡಿ ತುಂಡನ್ನು ಮುಳುಗಿಸಿದ. ಚಹಾ ಕುಡಿದ. ಎತ್ತಿ ನೋಡಿದ. ಬಿಳುಪು ಇದ್ದ ಹಾಗೇ ಇತ್ತು. ಒಳಗೊಳಗೇ ಖುಷಿ. ಇಲ್ಲಿಗೆ ಬಿಟ್ಟಿದ್ದರೆ ಎಲ್ಲ ಸುರಳೀತವಾಗುತ್ತಿತ್ತು. ಆದರೆ ಮನುಷ್ಯ ಸುಮ್ಮನಿರಬೇಕಲ್ಲ! ಜೀವಮಾನ ನಡೆಯಬೇಕಾದ ಮಾಲು ಇದು, ಒಂದು ಚಹಾದ ಪರೀಕ್ಷೆ ಎಲ್ಲಿ ಸಾಲುತ್ತದೆ ಅಂದುಕೊಂಡು ಹಳೇ ರಸ ಚೆಲ್ಲಿ ಹೊಸದು ಹಿಂಡಿದ. ಮರುದಿನ ಮತ್ತೆ ಹಿಂಡಿದ. ನಡುನಡುವೆ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದ. ಕಡೆಗೊಮ್ಮೆ ಎತ್ತಿ ನೋಡುತ್ತಾನೆ, ಬಿಳುಪು ಮಾಯ! ಬೂದಿಬಣ್ಣದ ಬರಿಮೈ ಲೋಹ ಬಟ್ಟಲಲ್ಲಿ ಮಿಕಿಮಿಕಿ ನೋಡುತ್ತಿದೆ.

"ಹೋತು!" ಅಂತ ಕೂಗಿದ. ಸಿಟ್ಟಿನ ಕೂಗಲ್ಲ ಅದು, ಎದೆ ಒಡೆದ ಕೂಗು.

ಬಾಗಿಲ ಕುರ್ಚಿಯಿಂದ ಮಾಬುಬಿ ತಿರುಗಿದಳು. "ಏನ ಹೋತ್ರಿ?"

"ನಿನ್ನ ಕೀಲಿನ ಗಿಲೀಟು. ಲಿಂಬಿಗೆ ನಿಂದರಲಿಲ್ಲ."

ಅವಳ ಕಣ್ಣು ಪಾವಟಿಗೆಯ ಕಡೆ ಹೋಗಿ ಅಲ್ಲೇ ಉಳಿಯಿತು. ಅದನ್ನು ನೋಡಲಾಗದೆ ಮೀರಾಸಾಬ ಅಂಗಡಿಯೊಳಗೇ ತಿರುಗಾಡಿದ. ಅವನ ತಲೆ ಗಿಲೀಟಿನ ತಲೆ. ಸಾಮಾನು ಲಿಂಬಿಗೆ ನಿಲ್ಲದಿದ್ದರೆ ಸಾಮಾನಿಗೆ ಲಿಂಬಿ ಮುಟ್ಟದಂತೆ ನೋಡಿಕೊಂಡರಾಯಿತು. ಗಿರಾಕಿಗಳಿಗೆ ಅವನು ದಿನಾ ಹೇಳುವುದೇ ಅದು, ಬೆವರು ತಾಗಿಸಬೇಡ, ಸಾಬೂನು ತಾಗಿಸಬೇಡ.

"ಒಂದು ದಾರಿ ಐತಿ," ಅಂದ. "ಆಪರೇಷನ್ ಮಾಡಸೂಣು. ಆದ್ರ ನೀ ಇವತ್ತಿಂದ ಲಿಂಬಿ ಬಿಡಬೇಕು. ಪೂರಾ. ಒಂದ ಹನಿ ಹೊಟ್ಯಾಗ ಹೋಗಬಾರದು. ಹೋತಂದ್ರ ಒಳಗಿಂದೊಳಗ ಕರಗತೈತಿ."

"ಉಪ್ಪಿನಕಾಯಿ?"

"ಅದೂ ಲಿಂಬೀದ ಅಲ್ಲ?"

"ಮತ್ತ ನಾ ಪಾವಟಿಗಿ ಏರಿ ಮಾಳಿಗಿ ಮ್ಯಾಲೆ ಹೋಗಿ ಏನ ಮಾಡ್ಲಿ? ಕಾಗಿ ಎಣಸ್ಲೇನು?"

"ಮಾಬುಬಿ, ನಾ ನಿನ್ನ ಛಲೋದಕ್ಕ ಹೇಳಾಕತ್ತೇನಿ!"

"ಲಿಂಬಿ ಬಿಟ್ಟು ನಡ್ಯಾಡೂಕಿಂತ ಲಿಂಬಿ ತಿಂದು ಕೂಡ್ತೇನಿ. ಕುರ್ಚಿ ಛಲೋ ಐತಿ," ಅಂದವಳೇ ಸೆರಗು ಕೊಡವಿ ಮುಖ ತಿರುಗಿಸಿದಳು.

ಗೋಡೆಯಾಚೆಯಿಂದ ಶ್ರೀಶೈಲಪ್ಪ ಇಣುಕಿದ. "ಏನೋ ಮೀರಾಸಾಬ, ಇಂಡ್ಯಾಗ ಕೂತು ಲಿಂಬಿ ಬಂದ್ ಮಾಡ್ತಿಯಂತ? ನನ್ನ ಹೊಟ್ಟಿ ಮ್ಯಾಲ ಯಾಕ ಕಾಲಿಡ್ತಿ?"

"ನೀ ಇನ್ನ ನಮ್ಮ ಬಾಗಲಾಗ ಒಂದ ಲಿಂಬಿ ಚಲ್ಲಿದಿ ಅಂದ್ರ ನಿನ್ನ ತಕ್ಕಡಿ ಮುರೀತೇನಿ!"

"ಅಕ್ಕಾ, ನೋಡ್ವಾ, ನಿನ್ನ ಗಂಡ ನನ್ನ ತಕ್ಕಡಿಗಿ ಬಂದಾನ."

"ನೀ ಸುಮ್ನ ಕೂಡು ಶ್ರೀಶೈಲ," ಅಂದಳು ಮಾಬುಬಿ. ಆದರೆ ಅವನನ್ನು ನೋಡಿದ ನೋಟದಲ್ಲಿ ಸುಮ್ಮನಿರು ಅನ್ನುವ ಅರ್ಥವೇನೂ ಇರಲಿಲ್ಲ. ಅದು ಮೀರಾಸಾಬನಿಗೆ ಕಾಣಲಿಲ್ಲ. ಅವನು ಅಡುಗೆಮನೆಗೆ ನುಗ್ಗಿ ಇದ್ದಬದ್ದ ಲಿಂಬಿಯನ್ನೆಲ್ಲ ಚೀಲಕ್ಕೆ ತುಂಬುತ್ತಿದ್ದ.

ಈಗ ಇನ್ನೊಂದು ಫಜೀತಿ ಎದ್ದು ನಿಂತಿತು. ಮಂಗಳವಾರ ಬಂದರೆ ತುಂಡು ವಾಪಸು ಕೊಡಬೇಕು. ಮುಟ್ಟಿ ನೋಡಲು ಕೊಟ್ಟದ್ದನ್ನು ಬತ್ತಲೆ ಮಾಡಿ ಒಯ್ದು ಇಟ್ಟರೆ ಡಾಕ್ಟರಬಾಯಿ ಏನಂದಾಳು? ಇಂಥ ತಲೆಹೋಕನ ಹೆಂಡತಿಗೆ ನಾ ಕೈ ಹಚ್ಚೋದಿಲ್ಲ ಅಂದುಬಿಟ್ಟರೆ? ಮಾಬುಬಿಯ ಮನಸ್ಸು ನಾಳೆ ತಿರುಗಿದರೂ ಆಗ ಬಾಗಿಲೇ ಮುಚ್ಚಿದ ಹಾಗೆ.

ತೆಗೆದವನು ಹಚ್ಚಲಾರೆನೇ ಅಂದುಕೊಂಡ. ಕರೆಂಟು ತನ್ನ ಹತ್ತಿರ ಇದೆ, ತೊಟ್ಟಿ ಇದೆ. ಸುಣ್ಣದ ಅಂಶ ಅಂದಳಲ್ಲ, ಮಾಬುಬಿಯ ಕ್ಯಾಲ್ಸಿಯಂ ಗುಳಿಗೆ ಇದ್ದವು. ಕುಟ್ಟಿ ನೀರಿಗೆ ಹಾಕಿದರೆ ತಳದಲ್ಲಿ ಕೆಸರಾಗಿ ಕೂತವು, ಕರಗಲೊಲ್ಲವು. ಲಿಂಬಿ ಹಿಂಡದೆ ಗತಿಯೇ ಇರಲಿಲ್ಲ. ತಾನೇ ಬಂದ್ ಮಾಡಿದ ಲಿಂಬಿಯನ್ನು ಚೀಲದಿಂದ ಕದ್ದು ತೆಗೆದು, ಹೆಂಡತಿಗೆ ಬೆನ್ನು ಮಾಡಿ ಹಿಂಡಿದ. ಬುರುಬುರು ನೊರೆ ಎದ್ದು ನೀರು ತಿಳಿಯಾಯಿತು. ತುಂಡಿಗೆ ಮೈನಸ್ ಸಿಗಿಸಿ, ಎದುರಿಗೆ ಹಳೇ ಬ್ಯಾಟರಿ ಸೆಲ್ಲಿನ ಕರಿ ಕಡ್ಡಿ ನಿಲ್ಲಿಸಿ, ಚಾರ್ಜರಿನ ಕಿವಿ ತಿರುವಿದ. ತುಂಡಿನ ಮೈತುಂಬ ಗುಳ್ಳೆ ಎದ್ದವು. ಕೂತು ಕೂತು ಕಣ್ಣು ಸೋತ ಮೇಲೆ, ಅಲ್ಲಾ, ಬೆಳ್ಳಗೆ ಮಂಜಿನಂಥದೊಂದು ಪೊರೆ!

"ಹತ್ತಿತು! ಹತ್ತಿತು!" ಅಂದ.

ಒಣಗಿಸಿ ಬೆರಳು ಆಡಿಸಿದರೆ ಪೊರೆಯೆಲ್ಲ ಬೆರಳಿಗೇ ಬಂತು. ಮತ್ತೆ ಹಚ್ಚಿದ, ಮತ್ತೆ ಬಂತು. ಕಡೆಗೆ ಸಿಟ್ಟಿಗೆದ್ದು, ಜಾಲಿಯ ಗೋಂದು ಕರಗಿಸಿ ತುಂಡಿಗೆ ಬಳಿದು, ಮೇಲೆ ಗುಳಿಗೆಯ ಹಿಟ್ಟು ಉದುರಿಸಿ, ಒಣಗಿತೋ ಇಲ್ಲವೋ ಅಷ್ಟರಲ್ಲಿ ಅರಳೆಯಲ್ಲಿ ಸುತ್ತಿಟ್ಟ. ದೂರದಿಂದ ನೋಡಿದರೆ ಏನೂ ತಿಳಿಯುವುದಿಲ್ಲ ಅಂತ ತನಗೆ ತಾನೇ ಸಮಾಧಾನ ಹೇಳಿಕೊಂಡ. ಡಾಕ್ಟರುಗಳು ದೂರದಿಂದ ನೋಡುತ್ತಾರೆ ಅಂತ ಅವನಿಗೆ ಯಾರು ಹೇಳಿದ್ದರೋ.

ಆ ವಾರವೆಲ್ಲ ಮನೆಯಲ್ಲಿ ಲಿಂಬಿಯ ವಾಸನೆ ಹೋಗಲೇ ಇಲ್ಲ. ಮೀರಾಸಾಬ ಒಲೆಯ ಹಿಂದೆ ಹುಡುಕಿದ, ಹಾಸಿಗೆ ಕೆಳಗೆ ಹುಡುಕಿದ, ಕಡೆಗೆ ತನ್ನ ಕೈಯನ್ನೇ ಮೂಸಿ ಸುಮ್ಮನಾದ. ಇನ್ನೊಂದು ವಿಚಿತ್ರ. ಮಾಬುಬಿ ಕೂತಲ್ಲೇ ಕೋಳಿ ಸಾರು ಮಾಡಿದ್ದಳು, ಎಲುಬು ಮಾತ್ರ ಬೆಕ್ಕಿಗೆ ಹಾಕಲಿಲ್ಲ. ಬೆಕ್ಕು ಅವಳ ಕುರ್ಚಿಯ ಸುತ್ತಲೇ ಮಿಯಾಂವ್ ಅನ್ನುತ್ತ ಸುತ್ತುತ್ತಿತ್ತು. "ಇದಕ್ಕೂ ಚಪ್ಪಿ ನೋಯ್ತೈತೇನು?" ಅಂತ ಅದನ್ನೂ ಗದರಿಸಿದ.

ಮಂಗಳವಾರ ರಿಕ್ಷಾದಲ್ಲಿ ದವಾಖಾನೆಗೆ ಹೋದರು. ಮಾಬುಬಿಯನ್ನು ಎತ್ತಿ ಇಳಿಸಲು ಒಂದು ಕೈ ಬೇಕು ಅಂತ ಶ್ರೀಶೈಲಪ್ಪನೂ ಬಂದ. ಮಾಬುಬಿಯ ತೊಡೆಯ ಮೇಲೆ ಒಂದು ಕೈಚೀಲ ಇತ್ತು. "ಕೊಡಿಲ್ಲಿ, ಹಿಡೀತೇನಿ," ಅಂದರೆ ಕೊಡಲಿಲ್ಲ.

"ಏನಂತ್ರಿ ಚಾಚಾ, ನಿಮ್ಮ ಪರೀಕ್ಷೆ?" ಅಂತ ಡಾಕ್ಟರಬಾಯಿ ಕೈ ಚಾಚಿದಳು.

ಮೀರಾಸಾಬ ಪೊಟ್ಟಣ ಮೇಜಿನ ಮೇಲಿಟ್ಟು ಕೈ ಹಿಂದೆ ಎಳೆದುಕೊಂಡ. ಬಿಚ್ಚಿದರೆ ಅರಳೆ ಬಿಡಲೊಲ್ಲದು. ಹಸಿ ಗೋಂದಿಗೆ ಗಚ್ಚಾಗಿ ಅಂಟಿಕೊಂಡು, ತುಂಡು ಕುರಿಮರಿಯ ಕಾಲಿನ ಹಾಗೆ ಮೈತುಂಬ ಉಣ್ಣೆ ಬಿಟ್ಟುಕೊಂಡು ಕೂತಿತ್ತು.

ಡಾಕ್ಟರಬಾಯಿ ಅದನ್ನು ಹಿಂದೆ ಮುಂದೆ ನೋಡಿದಳು. "ಚಾಚಾ, ನಾ ಕೊಟ್ಟಾಗ ಇದಕ್ಕ ತುಪ್ಪಟ ಇರಲಿಲ್ಲಲ್ರಿ?"

ಶ್ರೀಶೈಲಪ್ಪ ಗೋಡೆಗೆ ಮುಖ ಮಾಡಿ ಹೆಗಲು ಕುಣಿಸತೊಡಗಿದ.

ಸಿಕ್ಕಿಬಿದ್ದಾಗ ಮೀರಾಸಾಬನಿಗೆ ಗೊತ್ತಿದ್ದದ್ದು ಒಂದೇ ವಿದ್ಯೆ, ತಾನೇ ಮೊದಲು ಮೈಮೇಲೆ ಹೋಗುವುದು. "ತುಪ್ಪಟದ ಮಾತು ಆಮ್ಯಾಲೆ ಆಡೂಣ್ರಿ! ನಿಮ್ಮ ಮಾಲು ಲಿಂಬಿಗೆ ಹೋತು, ಅದಕ್ಕೇನಂತೀರಿ? ಎರಡ ದಿನಕ್ಕ ತೊಳಕೊಂಡ ಹೋತು! ಇಂಥಾದ್ದು ನನ್ನ ಹೇಣ್ತಿ ತೊಡಿಯೊಳಗ ಇಡ್ತೀರಿ? ಆಕಿ ಲಿಂಬಿ ಬಿಡಾಕ ಒಲ್ಲಳು. ನಾ ಹೌದಂತ ಹೆಂಗ ಅನ್ಲಿ?"

ಈ ಕೊನೆಯ ಮಾತಿಗೆ ಡಾಕ್ಟರಬಾಯಿಯ ನಗು ಅಲ್ಲೇ ನಿಂತಿತು. ಅವಳು ಏನೋ ಹೇಳಬೇಕು ಅನ್ನುವಷ್ಟರಲ್ಲಿ ಮಾಬುಬಿ ಕೈಚೀಲದಿಂದ ಒಂದು ಗಾಜಿನ ಡಬ್ಬಿ ತೆಗೆದು, ಠಣ್ ಅಂತ ಮೇಜಿನ ಮೇಲಿಟ್ಟಳು. ಮುಚ್ಚಳ ತೆಗೆದದ್ದೇ ಕೋಣೆಯೆಲ್ಲ ಲಿಂಬಿ ಘಮ್ ಅಂದಿತು.

"ಇದೇನು?" ಅಂದ ಮೀರಾಸಾಬ.

"ಕೋಳಿ ಕಾಲಿನ ಎಲುಬು. ನಿಮ್ಮ ಪರೀಕ್ಷೆಗೆ ನಾನೂ ಒಂದು ಸಾಮಾನ ಹಾಕೇನಿ."

ಮಾಬುಬಿ ಎಲುಬನ್ನು ಎತ್ತಿ ಎರಡೂ ತುದಿ ಹಿಡಿದು ಬಗ್ಗಿಸಿದಳು. ಕಟ್ ಅನ್ನಬೇಕಾದ ಎಲುಬು ರಬ್ಬರಿನ ಹಾಗೆ ಕಮಾನಾಗಿ ಬಾಗಿ, ಬಿಟ್ಟೊಡನೆ ಮತ್ತೆ ನೆಟ್ಟಗಾಯಿತು. ಮೀರಾಸಾಬ ಕಸಿದುಕೊಂಡ. ತಾನೂ ಬಗ್ಗಿಸಿದ. ಉಗುರಿನಿಂದ ಒತ್ತಿದ. ಉಗುರು ಒಳಗೆ ಹೋಯಿತು.

"ಅವತ್ತು ಬಾಯಾರು ಏನಂದ್ರು? ಎಲುಬಿನ್ಯಾಗ ಇರೂದನ್ನ ಇದಕ್ಕ ಹಚ್ಚ್ಯಾರಂತ ಅಂದ್ರು. ನೀವು ಕೇಳಿದ್ರೆಲ್ಲಿ? ನೀವು ಹೊಳಪ ಹುಡುಕ್ಕೋತ ಕುಂತಿದ್ರಿ. ಅದು ಲಿಂಬಿಗೆ ಹೋತು, ಹೌದು. ಇದೂ ಹೋತು! ನಿಮ್ಮ ಪ್ರಕಾರ ನೋಡಿದ್ರ ಆ ಕೋಳಿ ಎಲುಬೂ ಮೋಸ, ನನ್ನ ಎಲುಬೂ ಮೋಸ, ನಿಮ್ಮ ಎಲುಬೂ ಮೋಸ. ಎಲ್ಲಾ ಎಲುಬು ಸೇರಿ ನಿಮಗ ಮೋಸ ಮಾಡಾಕ ಹುಟ್ಟ್ಯಾವೇನು?"

ಮೀರಾಸಾಬ ಎಲುಬನ್ನು ಮೇಜಿನ ಮೇಲಿನ ತುಂಡಿನ ಪಕ್ಕಕ್ಕೆ ಹಿಡಿದು ನೋಡಿದ.

"ಹಲ್ಲ ಬಂದಾಗಿಂದ ಲಿಂಬಿ ತಿಂದೇನಿ. ಕರಗೂದಿದ್ರ ನಾ ಲಗ್ನದ ಮಂಟಪದಾಗ ಕರಗತಿದ್ದೆ. ನಿಮಗರೆ ಎಷ್ಟು ತ್ರಾಸ ತಪ್ಪತಿತ್ತು!"

"ಚಾಚಿ ಖರೇ ಅಂದ್ರು," ಅಂದಳು ಡಾಕ್ಟರಬಾಯಿ, ಕಣ್ಣೊರೆಸಿಕೊಳ್ಳುತ್ತ. "ತಿಂದ ಲಿಂಬಿ ಹೊಟ್ಯಾಗ ಅರಗಿ ಹೋಗತೈತ್ರಿ, ಹುಳಿ ಎಲುಬಿಗೆ ಮುಟ್ಟೂದಿಲ್ಲ. ಈ ಬಿಳೀದಕ್ಕ ಕೆಲಸನೂ ಬ್ಯಾರೇನ. ಅದು ಮ್ಯಾಲೆ ಹೊಳಕೋತ ಕೂಡೂದಲ್ಲ, ಎಲುಬನ್ನ ಕರದು ತನ್ನ ಮೈಗೆ ಹಚ್ಚಿಕೊಳ್ಳೂದು. ಎಲುಬು ಬಂದು ಹಿಡೀತಂದ್ರ ಅದರ ಕೆಲಸ ಮುಗೀತು."

ಮೀರಾಸಾಬ ಎಲುಬನ್ನು ಇನ್ನೂ ಬಗ್ಗಿಸುತ್ತಲೇ ಇದ್ದ. ಕೋಣೆಯಲ್ಲಿ ಎಲ್ಲರೂ ಅವನ ಮುಖ ನೋಡುತ್ತಿದ್ದರು. ಈಗ ಅವನು ಹೌದು ಅನ್ನಬೇಕು, ಅವಳು ಹೆಬ್ಬಟ್ಟು ಒತ್ತಬೇಕು. ಅಷ್ಟೇ ಉಳಿದದ್ದು. ಅವನು ನಿಧಾನಕ್ಕೆ ತಲೆ ಎತ್ತಿದ. ಮುಖ ಕೆಂಪಾಗಿತ್ತು.

"ಅದೆಲ್ಲ ಇರಲಿ," ಅಂದ. "ನಿನಗ ಲಿಂಬಿ ಯಾರು ಕೊಟ್ರು?"

ಶ್ರೀಶೈಲಪ್ಪ ಸಾವಕಾಶ ಬಾಗಿಲ ಕಡೆ ಸರಿದ.

"ಲೇ ಶ್ರೀಶೈಲ!"

"ಮೂರು ಹೊತ್ತೂ ಕೊಟ್ಟೇನಪಾ! ದಿನಾ ಹೊಸಾ ರಸ ಬೇಕಂತಿದ್ಲು ಅಕ್ಕ. ನೀ ಒಳಗ ಗುಳಿಗಿ ಕುಟ್ಟಿಕೋತ ಕುಂತಾಗ ನಾ ಹೊರಗ ಕುರ್ಚಿ ಬುಡಕ ಹಿಂಡಾಕತ್ತಿದ್ದೆ. ಕೋಳಿ ಎಲುಬು ನಾ ಮುಟ್ಟಿಲ್ಲ, ಮತ್ತ ಆ ಮಾತು ನಮ್ಮ ಮನ್ಯಾಗ ಹೇಳಬ್ಯಾಡ! ಬರೇ ಲಿಂಬಿ!"

ಮೀರಾಸಾಬ ಎದ್ದವನು ಹಾಗೇ ಕೂತ. ಮಾಬುಬಿಯನ್ನು ನೋಡಿದ. ಅವಳು ನಗುತ್ತಿರಲಿಲ್ಲ, ಕಾಯುತ್ತಿದ್ದಳು. ಪಾವಟಿಗೆಗಳನ್ನು ನೋಡುವಾಗ ಇರುತ್ತಿದ್ದ ಅದೇ ಕಣ್ಣು, ಈ ಸಲ ಅವನ ಮೇಲಿತ್ತು.

"ಹಚ್ಚಿದ್ದು ಛಲೋ ಐತ್ರಿ ಬಾಯಾರ," ಅಂದ ನೆಲ ನೋಡುತ್ತ. "ಹೊಳಪೊಂದು ಕಡಿಮಿ."

ಮಾಬುಬಿ ಹೆಬ್ಬಟ್ಟು ಒತ್ತಿದಳು. ಹೆಬ್ಬೆರಳಿಗೂ ಲಿಂಬಿಯ ವಾಸನೆ ಇತ್ತು.

ಆಪರೇಷನ್ ವಿಜಯಪುರದಲ್ಲಿ ಆಯಿತು. ಅವಳನ್ನು ಒಳಗೆ ಒಯ್ದಾಗ ಮೀರಾಸಾಬ ಹೊರಗೆ ಯಾರ ಮೇಲೂ ಸಿಟ್ಟು ಮಾಡದೆ ಕೂತಿದ್ದನಂತೆ. ಶ್ರೀಶೈಲಪ್ಪ ಗಾಬರಿಯಾಗಿ, "ಇವಗೂ ಏನರೆ ಆಗೈತೇನು ನೋಡ್ರಿ," ಅಂತ ನರ್ಸಬಾಯಿಯನ್ನು ಕರೆದನಂತೆ. ಮಾಬುಬಿ ಮೊದಲು ನಾಲ್ಕು ಕಾಲಿನ ಕಬ್ಬಿಣದ ಕಟ್ಟು ಹಿಡಿದು ನಡೆದಳು, ಆಮೇಲೆ ಕೋಲು, ಆಮೇಲೆ ಹೊಲದಲ್ಲಿ ಎಳೆಜೋಳದ ಶೀತನಿ ಸುಡುವ ಹೊತ್ತಿಗೆ ಕೋಲನ್ನು ಬೆಕ್ಕು ಓಡಿಸಲು ಇಟ್ಟುಕೊಂಡಳು. ಕೆಡಿಸಿದ ತುಂಡನ್ನು ಡಾಕ್ಟರಬಾಯಿ ಮೀರಾಸಾಬನಿಗೇ ಕೊಟ್ಟುಬಿಟ್ಟಳು. ಅವನು ಅದಕ್ಕೆ ಬಂಗಾರದ ಗಿಲೀಟು ಹಾಕಿ ಅಂಗಡಿಯಲ್ಲಿ ತೂಗುಬಿಡಬೇಕು ಅಂತ ಹಟಕ್ಕೆ ಬಿದ್ದ. ಟೈಟಾನಿಯಂ ಅವನಿಗಿಂತ ಹಟಮಾರಿ. ಹಾಕಿದ ಬಂಗಾರವೆಲ್ಲ ಉಳ್ಳಾಗಡ್ಡಿ ಸಿಪ್ಪೆಯ ಹಾಗೆ ಎದ್ದು ಬಂತು. ಈಗಲೂ ಬರುತ್ತಿದೆ.

ಶೇವಂತೆವ್ವ ಅದೇ ಸರ ಹಿಡಿದು ಮತ್ತೆ ಬಂದ ದಿನದ ಮಾತು. ಮೀರಾಸಾಬ ಬೈಯುತ್ತಲೇ ಅದಕ್ಕೆ ಲಿಂಬಿಯ ಸ್ನಾನ ಮಾಡಿಸಿ, ತೊಟ್ಟಿಗೆ ಇಳಿಬಿಟ್ಟು, ಚಾರ್ಜರಿನ ಕಿವಿ ತಿರುವಿದ್ದ. ಹಿಂದೆ ತಿರುಗಿ ನೋಡುತ್ತಾನೆ, ಬಾಗಿಲ ಕುರ್ಚಿ ಖಾಲಿ. ಅಷ್ಟರಲ್ಲಿ ಮಾಳಿಗೆಯ ಮೇಲಿಂದ ದನಿ ಬಂತು.

"ಏನ್ರೀ! ಈ ಭರಣಿ ಬಾಯಿ ಯಾರು ಕಟ್ಟಿದ್ದು?"

ಮೀರಾಸಾಬ ಅಂಗಳಕ್ಕೆ ಓಡಿ ಮೇಲೆ ನೋಡಿದ. ಮಾಳಿಗೆಯ ಅಂಚಿನಲ್ಲಿ, ಆಕಾಶಕ್ಕೆ ಎದುರಾಗಿ, ಟೊಂಕದ ಮೇಲೆ ಕೈ ಇಟ್ಟುಕೊಂಡು ಮಾಬುಬಿ ನಿಂತಿದ್ದಳು.

"ನಾನ ಕಟ್ಟೇನಿ! ಯಾಕ?"

"ಬೂಸರು ಗಡ್ಡ ಬಿಟ್ಟೈತಿ, ನಿಮಗಿಂತ ಉದ್ದ! ಈ ಕಡೇದಕ್ಕ ಮೀಸಿನೂ ಬಂದಾವ! ಒಂದ ಭರಣಿನರೆ ಉಳಿಸೀರೇನು?"

ಓಣಿಯ ಮಂದಿಯೆಲ್ಲ ಹೊರಗೆ ಬಂದು ನಿಂತಿತು. ಮೀರಾಸಾಬನಿಗೆ ಸಿಟ್ಟು ಬರಬೇಕಾಗಿತ್ತು. ಯಾಕೋ ಬರಲಿಲ್ಲ. "ಸಾಕು, ಇಳಿ! ಸಾವಕಾಶ ಇಳಿ! ಪಾವಟಿಗಿ ನೋಡಿ ಕಾಲಿಡು, ಕೀಲು ಹೊಸಾದೈತಿ!" ಅಂತಷ್ಟೇ ಕೂಗಿದ.

ಮಾಬುಬಿ ಮೇಲಿನ ಪಾವಟಿಗೆಯ ಮೇಲೆ ನಿಂತು ಊರಿಗೆಲ್ಲ ಕೇಳುವ ಹಾಗೆ ಅಂದಳು:

"ನಿಮ್ಮ ಗಿಲೀಟೇನಿದು, ಕಿತ್ತು ಬೀಳಾಕ?"

ಗೋಡೆಯಾಚೆ ಶ್ರೀಶೈಲಪ್ಪ ಲಿಂಬಿ ರಾಶಿಯ ಮೇಲೇ ಬಿದ್ದು ನಗುವುದು ಕೇಳಿಸಿತು. ಅಂಗಡಿಯೊಳಗಿಂದ ಶೇವಂತೆವ್ವ, "ಸಾಬ್ರ, ನನ್ನ ಸರ ತೊಟ್ಟ್ಯಾಗ ಕರಕಾಗೈತೇನ್ ನೋಡ್ರಿ!" ಅಂತ ಕೂಗುತ್ತಿದ್ದಳು. ಮೀರಾಸಾಬ ಕೇಳಿಸಿಕೊಳ್ಳಲಿಲ್ಲ. ಮಾಬುಬಿ ಒಂದೊಂದೇ ಪಾವಟಿಗೆ ಇಳಿದು, ನಡುವೆ ನಿಂತು ಎದುರುಮನೆಯ ರೇಣವ್ವನ ಜೊತೆ ಎರಡು ಮಾತಾಡಿ, ಮತ್ತೆ ಇಳಿದು, ಅಂಗಳಕ್ಕೆ ಕಾಲಿಡುವ ತನಕ ಅವನು ಅಲ್ಲಿಂದ ಅಲುಗಲಿಲ್ಲ. ಆ ಹೊತ್ತೆಲ್ಲ ಕರೆಂಟು ಹಾಯುತ್ತಲೇ ಇತ್ತು. ಮೀರಾಸಾಬ ಕಲೈಗಾರನ ಅಂಗಡಿಯಿಂದ ಅಷ್ಟು ದಪ್ಪ ಬಂಗಾರ ಹತ್ತಿಸಿಕೊಂಡು ಹೋದ ಗಿರಾಕಿ ತಾಂಬಾದ ಶೇವಂತೆವ್ವ ಒಬ್ಬಳೇ.